‘ಹೋಗಿ ಬರ್ತೀನಿ’ ಅಂತಲೇ ಕೇಳಿಸಿತು: ಓದಿ, ಸಿನಿಮಾ ನೋಡಿ ಜಪಾನಿ ಕಲಿತ ನನ್ನ ಅನುಭವ

2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲೇ ಜೆಎಲ್‌ಪಿಟಿ ಅನ್ನುವ ಜಪಾನಿ ಭಾಷಾ ಪರೀಕ್ಷೆಯ ಎನ್3 (ಐದು ಹಂತಗಳಲ್ಲಿ ನಡುವಿನದು) ಬರೆದು ಫೇಲಾದೆ. ಪಾಸಾಗಲು 180ಕ್ಕೆ 95 ಬೇಕು, ನನಗೆ 101 ಬಂದಿತ್ತು. ಆದರೆ ಮೂರು ಭಾಗಗಳಲ್ಲಿ ಒಂದೊಂದರಲ್ಲೂ 60ಕ್ಕೆ ಕನಿಷ್ಠ 19 ಬರಲೇಬೇಕು. ವ್ಯಾಕರಣ ಮತ್ತು ಓದಿನ ಭಾಗದಲ್ಲಿ ನನಗೆ ಬಂದದ್ದು 17. ಆ ಭಾಗಕ್ಕೆ ಕೊಡುವುದು 70 ನಿಮಿಷ, ನಾನು ಕೊನೆಯ ಎರಡು ಪ್ಯಾಸೇಜ್‌ಗಳನ್ನು ಮುಟ್ಟಲೂ ಇಲ್ಲ.

ವ್ಯಾಕರಣ ಗೊತ್ತಿತ್ತು. ಪದಗಳ ಕಾರ್ಡ್ ಮಾಡಿಕೊಂಡು ದಿನಾ ಉರು ಹೊಡೆಯುತ್ತಿದ್ದೆ. ಸಮಸ್ಯೆ ಬೇರೆ ಇತ್ತು. ಒಂದು ವಾಕ್ಯ ಕಂಡ ಕೂಡಲೇ ಅದನ್ನು ತಲೆಯೊಳಗೆ ಇಂಗ್ಲಿಷಿಗೆ ತಿರುಗಿಸುತ್ತಿದ್ದೆ, ಅಂದರೆ ಕೊನೆಯಲ್ಲಿರುವ ಕ್ರಿಯಾಪದವನ್ನು ಎಳೆದು ಮುಂದೆ ತಂದು, ನಡುವೆ ಇರುವುದನ್ನೆಲ್ಲ ಹಿಂದುಮುಂದು ಮಾಡಿ, ಆಮೇಲೆ ಅರ್ಥ ಮಾಡಿಕೊಳ್ಳುತ್ತಿದ್ದೆ. ನಮ್ಮ ಪಠ್ಯಪುಸ್ತಕ ಇಂಗ್ಲಿಷ್‌ನಲ್ಲಿತ್ತು, ಪಾಠವೂ ಇಂಗ್ಲಿಷ್‌ನಲ್ಲಿ, ಹಾಗಾಗಿ ಇದೇ ಸರಿಯಾದ ದಾರಿ ಅಂದುಕೊಂಡಿದ್ದೆ.

ರಿಸಲ್ಟ್ ಬಂದ ಮೇಲೆ ತದೊಕು ಬಗ್ಗೆ ತಿಳಿಯಿತು. ‘ತ’ ಅಂದರೆ ಬಹಳ, ‘ದೊಕು’ ಅಂದರೆ ಓದು. ಜಪಾನಿನಲ್ಲಿ ಇದನ್ನು ಕಲಿಸುವವರು ನಾಲ್ಕೇ ನಿಯಮ ಹೇಳುತ್ತಾರೆ. ಸುಲಭದ ಪುಸ್ತಕದಿಂದ ಶುರು ಮಾಡು. ನಿಘಂಟು ತೆಗೆಯಬೇಡ. ಗೊತ್ತಾಗದ್ದನ್ನು ಹಾರಿಸಿ ಮುಂದೆ ಹೋಗು. ಓದು ಮುಂದೆ ಸಾಗದಿದ್ದರೆ ಆ ಪುಸ್ತಕ ಬಿಟ್ಟು ಬೇರೆಯದು ಹಿಡಿ. ಮೊದಲನೆಯದೇ ನನಗೆ ಕಷ್ಟವಾಯಿತು. ಎನ್3 ಬರೆದವನು ಸೊನ್ನೆ ಹಂತದ, ಪುಟಕ್ಕೆ ಎರಡು ಸಾಲು ಇರುವ ಚಿತ್ರದ ಪುಸ್ತಕ ಓದುವುದಾ ಅನಿಸಿತು. ಆದರೂ ಹಿಡಿದೆ. ಈ ಪುಸ್ತಕಗಳನ್ನು ಹಂತ ಹಂತವಾಗಿ ಬರೆದಿರುತ್ತಾರೆ, ಎರಡನೇ ಹಂತದಲ್ಲಿ ಸುಮಾರು 500 ಪದ, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಸುಮಾರು 1300. ನೆಟ್‌ನಲ್ಲಿ ಉಚಿತವಾಗಿಯೂ ಬೇಕಾದಷ್ಟು ಸಿಗುತ್ತವೆ. ಕಾಂಜಿ, ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳ ಮೇಲೆ ಫುರಿಗಾನ ಅಂತ ಪುಟ್ಟದಾಗಿ ಉಚ್ಚಾರಣೆ ಬರೆದಿರುತ್ತಾರೆ, ಅದರಿಂದ ಎಲ್ಲೂ ನಿಲ್ಲಬೇಕಾಗುವುದಿಲ್ಲ.

ಬೆಳಗ್ಗೆ ವಿಜಯನಗರದಲ್ಲಿ ಮೆಟ್ರೋ ಹತ್ತಿದರೆ ಬೈಯಪ್ಪನಹಳ್ಳಿ ಬರುವುದರೊಳಗೆ ಎರಡು ಪುಸ್ತಕ ಮುಗಿಯುತ್ತಿತ್ತು. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಜುಲೈ ಪರೀಕ್ಷೆ ಎಲ್ಲಾ ಕಡೆ ರದ್ದಾಯಿತು. ಪರೀಕ್ಷೆಯ ಒತ್ತಡ ಹೋದದ್ದು ನನಗೆ ಒಳ್ಳೆಯದೇ ಆಯಿತು. ರಾತ್ರಿ ಊಟ ಆದ ಮೇಲೆ ಸುಮ್ನೆ ಕೂತು ಓದುತ್ತಿದ್ದೆ. ನೋಟ್‌ಬುಕ್‌ನಲ್ಲಿ ಪುಸ್ತಕದ ಹೆಸರು, ತಾರೀಖು ಅಷ್ಟೇ ಬರೆಯುತ್ತಿದ್ದೆ, ಪದಗಳನ್ನು ಬರೆಯುತ್ತಿರಲಿಲ್ಲ. ಆಗಸ್ಟ್ ಹೊತ್ತಿಗೆ ಆ ಪಟ್ಟಿ 140 ದಾಟಿತ್ತು.

ಒಂದು ರಾತ್ರಿ, ಎರಡನೇ ಹಂತದ ಒಂದು ಕಥೆಯಲ್ಲಿ ಹುಡುಗನೊಬ್ಬ ಕೊಡೆಯನ್ನು ರೈಲಿನಲ್ಲೇ ಬಿಟ್ಟು ಬಂದಿರುತ್ತಾನೆ. ‘ವಸುರೆತೆ ಶಿಮತ್ತ’ ಅನ್ನುತ್ತಾನೆ. ಈ ‘ಶಿಮತ್ತ’ಕ್ಕೆ ನಮ್ಮ ಪುಸ್ತಕದಲ್ಲಿ ಇಂಗ್ಲಿಷ್‌ನಲ್ಲಿ ಅರ್ಧ ಪುಟ ವಿವರಣೆ ಇತ್ತು, ಮುಗಿದುಹೋದ ಕ್ರಿಯೆ, ಜೊತೆಗೆ ಬೇಸರದ ಛಾಯೆ, ಹೀಗೆ ಏನೇನೋ. ಆ ರಾತ್ರಿ ಅದು ಯಾವ ವಿವರಣೆಯೂ ಇಲ್ಲದೆ ‘ಮರೆತುಬಿಟ್ಟೆ’ ಅಂತಲೇ ಕೇಳಿಸಿತು. ಮರೆತು, ಬಿಟ್ಟೆ. ಎರಡೂ ತುಂಡು, ಅದೇ ಕ್ರಮ, ಅದೇ ಬೇಸರ. ನಾನು ಎದ್ದು ಕೂತೆ. ಹಳೆಯ ಪುಸ್ತಕಗಳನ್ನು ಮತ್ತೆ ತೆರೆದು ನೋಡಿದೆ. ‘ತಬೆತೆ ಮಿತೆ’ ಅಂದರೆ ತಿಂದು ನೋಡು, ‘ಮಿತೆ’ ಅಂದರೆ ನಿಜವಾಗಿಯೂ ‘ನೋಡು’ ಅಂತಲೇ ಅರ್ಥ. ‘ಇಕು ತೊ ಇತ್ತ’ ಅಂದರೆ ಹೋಗ್ತೀನಿ ಅಂತ ಅಂದ. ‘ಕಿನೋ ಕತ್ತ ಹೊನ್’ ಅಂದರೆ ನಿನ್ನೆ ಕೊಂಡ ಪುಸ್ತಕ, ಒಂದು ಪದವನ್ನೂ ಜರುಗಿಸಬೇಕಾಗಿಲ್ಲ. ಎರಡು ವರ್ಷ ನಾನು ಇಂಗ್ಲಿಷ್‌ಗಾಗಿ ತಲೆಕೆಳಗು ಮಾಡುತ್ತಿದ್ದ ವಾಕ್ಯಗಳು ಕನ್ನಡದಲ್ಲಿ ನೆಟ್ಟಗೆ ನಿಂತಿದ್ದವು!

ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಆಗುತ್ತಿತ್ತಾ? ಸ್ವಲ್ಪ ಆಗುತ್ತಿತ್ತೇನೋ. ಆದರೆ ಹೋಲಿಕೆಯ ಪಟ್ಟಿ ಓದುವುದೇ ಬೇರೆ, ಕಥೆ ಓದುವಾಗ ತಾನಾಗಿ ಕನ್ನಡ ಕೇಳಿಸುವುದೇ ಬೇರೆ. ಅದಕ್ಕೆ ಸುಲಭದ್ದನ್ನು, ವೇಗವಾಗಿ, ಜಾಸ್ತಿ ಓದಬೇಕು. ಕಷ್ಟದ ಪುಸ್ತಕ ಹಿಡಿದರೆ ನಿಲ್ಲುತ್ತೇವೆ, ನಿಂತ ಕೂಡಲೇ ಇಂಗ್ಲಿಷ್ ಬಂದು ಕೂರುತ್ತದೆ.

ಸಿನಿಮಾ ನಾನು ಮೊದಲಿನಿಂದಲೂ ನೋಡುತ್ತಿದ್ದೆ, ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು. ಅದರಿಂದ ಭಾಷೆ ಬಂದದ್ದು ಬಹಳ ಕಮ್ಮಿ, ಯಾಕೆಂದರೆ ಕಣ್ಣು ಕೆಳಗಿನ ಸಾಲಿನ ಮೇಲೆ ಇರುವಾಗ ಕಿವಿ ಕೆಲಸ ಮಾಡುವುದಿಲ್ಲ. ಓದು ಕುದುರಿದ ಮೇಲೆ ಕ್ರಮ ಬದಲಿಸಿದೆ. ಒಂದೇ ಸಿನಿಮಾ, ಆರೇಳು ಸಲ. ಮೊದಲ ಸಲ ಮಾತ್ರ ಇಂಗ್ಲಿಷ್ ಸಬ್‌ಟೈಟಲ್, ಕಥೆ ಗೊತ್ತಾಗಲಿ ಅಂತ. ಎರಡು, ಮೂರನೇ ಸಲ ಜಪಾನಿ ಸಬ್‌ಟೈಟಲ್. ಆಮೇಲೆ ಏನೂ ಇಲ್ಲ. ಇಡೀ ಸಿನಿಮಾ ಒಟ್ಟಿಗೆ ನೋಡುತ್ತಿರಲಿಲ್ಲ, ದಿನಕ್ಕೆ 20 ನಿಮಿಷ. ಆರಿಸಿಕೊಂಡದ್ದೆಲ್ಲ ಮನೆಯೊಳಗಿನ ಕಥೆಗಳು, ಅಡುಗೆಮನೆ, ಊಟದ ಮೇಜು, ಅಪ್ಪ ಮಗಳ ಜಗಳ. ಸಮುರಾಯ್ ಸಿನಿಮಾಗಳ ಭಾಷೆ ಹಳೆಯದು, ಕಲಿತು ಇವತ್ತು ಯಾರ ಹತ್ತಿರವೂ ಆಡಲಾಗುವುದಿಲ್ಲ.

ಮನೆಯ ಕಥೆಗಳಲ್ಲಿ ಏನು ಸಿಗುತ್ತದೆ ಅಂದರೆ, ಮಗಳು ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಾ ‘ಇತ್ತೆ ಕಿಮಾಸು’ ಅನ್ನುತ್ತಾಳೆ. ಇತ್ತೆ, ಹೋಗಿ. ಕಿಮಾಸು, ಬರ್ತೀನಿ. ಒಳಗಿನಿಂದ ಅಮ್ಮ ‘ಇತ್ತೆರಾಶ್ಶಾಯ್’ ಅನ್ನುತ್ತಾಳೆ, ಹೋಗಿ ಬಾ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಅಲ್ಲಿ ಬರೀ ‘ಬೈ’ ಇತ್ತು. ನಮ್ಮಮ್ಮ ನಾನು ‘ಹೋಗ್ತೀನಿ’ ಅಂದರೆ ಈಗಲೂ ‘ಹೋಗಿ ಬರ್ತೀನಿ ಅನ್ನು’ ಅಂತ ತಿದ್ದುತ್ತಾರೆ. ಆ ದೃಶ್ಯ ನೋಡಿದಾಗ ನನಗೆ ಗಂಟಲು ಕಟ್ಟಿತು.

ಸಿನಿಮಾ ಇಲ್ಲದಿದ್ದರೆ ಬಗೆಹರಿಯುತ್ತಿರಲಿಲ್ಲ ಅನ್ನುವಂಥ ತೊಡಕೂ ಒಂದಿದೆ. ಕನ್ನಡದಲ್ಲಿ ‘ಬಂದೆ’, ‘ಬಂದಳು’, ‘ಬಂದರು’ ಅಂದರೆ ಯಾರು ಅಂತ ಕ್ರಿಯಾಪದವೇ ಹೇಳುತ್ತದೆ. ಜಪಾನಿಯಲ್ಲಿ ಎಲ್ಲದಕ್ಕೂ ‘ಕಿತ’ ಒಂದೇ, ಮೇಲಾಗಿ ‘ನಾನು’, ‘ಅವಳು’ ಅನ್ನುವುದನ್ನೂ ಬಿಟ್ಟೇ ಮಾತಾಡುತ್ತಾರೆ. ಓದುವಾಗ ಯಾರು ಬಂದರು, ಯಾರು ಕೊಟ್ಟರು ಅಂತ ಕಳೆದುಹೋಗುತ್ತಿದ್ದೆ. ನಮಗೆ ಕೊಡುವುದೆಲ್ಲ ‘ಕೊಡು’, ಅವರಲ್ಲಿ ಬೇರೆಯವರು ನನಗೆ ಕೊಟ್ಟರೆ ‘ಕುರೆರು’, ನಾನು ಬೇರೆಯವರಿಗೆ ಕೊಟ್ಟರೆ ‘ಅಗೆರು’. ಈ ದಿಕ್ಕನ್ನು ವ್ಯಾಕರಣ ಓದಿ ಎಷ್ಟು ಸಲ ಕಲಿತರೂ ಮರೆಯುತ್ತಿತ್ತು. ಪರದೆಯ ಮೇಲೆ ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಒಂದು ಡಬ್ಬಿ ಹೋಗುವುದನ್ನು, ಜೊತೆಗೆ ಆ ಮಾತನ್ನು, ಹತ್ತಾರು ಸಲ ನೋಡಿದ ಮೇಲೆ ಅದು ಕೂತಿತು.

ಒಂದು ತಪ್ಪೂ ಆಯಿತು, ಹೇಳಲೇಬೇಕು. ಸಿನಿಮಾದಲ್ಲಿ ಮನೆಯವರು ಮಾತಿನ ನಡುವೆ ‘ಉನ್, ಉನ್’ ಅಂತ ಹೂಂಗುಟ್ಟುತ್ತಾರೆ. ಕೇಳಿ ಕೇಳಿ ನನ್ನ ಬಾಯಿಗೆ ಅದೇ ಹತ್ತಿತು. ಆಫೀಸ್ ಕಾಲ್‌ನಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಜಪಾನಿನವರೊಬ್ಬರಿಗೆ ಹಾಗೇ ‘ಉನ್’ ಅಂದೆ. ಅಲ್ಲಿ ‘ಹಾಯ್’ ಅನ್ನಬೇಕಿತ್ತು, ಅದು ಜಪಾನಿಯಲ್ಲಿ ಗೌರವದ ‘ಹೌದು’. ಅವರು ಒಂದು ಕ್ಷಣ ಸುಮ್ಮನಾದರು. ಅಜ್ಜನ ವಯಸ್ಸಿನವರಿಗೆ ‘ಹೂಂ ಕಣೋ’ ಅಂದ ಹಾಗೆ ಅದು. ತುಂಬಾ ಬೇಜಾರಾಯಿತು. ಅಲ್ಲಿಂದ ಮುಂದೆ ಸಿನಿಮಾ ನೋಡುವಾಗ ಏನು ಹೇಳಿದರು ಅನ್ನುವುದರ ಜೊತೆ ಯಾರು ಯಾರಿಗೆ ಹೇಳಿದರು ಅಂತಲೂ ನೋಡತೊಡಗಿದೆ. ‘ನೀನು’, ‘ನೀವು’ ಬಳಸಿ ಬೆಳೆದವರು ನಾವು, ಒಮ್ಮೆ ಗಮನ ಕೊಟ್ಟರೆ ಇದು ಬೇಗ ಹಿಡಿಯುತ್ತದೆ, ಅಲ್ವಾ?

ಓದು, ಸಿನಿಮಾ ಎಲ್ಲವನ್ನೂ ಕೊಡಲಿಲ್ಲ. ದಿನಬಳಕೆಗೆ ಅಂತ ಸರ್ಕಾರ ಗುರುತಿಸಿರುವ ಕಾಂಜಿಗಳೇ 2136 ಇವೆ. ಫುರಿಗಾನ ನೋಡಿ ನೋಡಿ ಗುರುತು ಸಿಗುತ್ತದೆ, ಆದರೆ ಕೈಯಲ್ಲಿ ಬರೆಯಲು ಬರುವುದಿಲ್ಲ. ಅದನ್ನು ಬೇರೆಯಾಗಿ ತಿದ್ದಿಯೇ ಕಲಿಯಬೇಕು, ನಾನಿನ್ನೂ ಹಿಂದೆಯೇ ಇದ್ದೇನೆ. ನಿಘಂಟಿಗೂ ಒಂದು ರಿಯಾಯಿತಿ ಮಾಡಿಕೊಂಡೆ. ಒಂದೇ ಪದ ಮೂರು ಬೇರೆ ಬೇರೆ ದಿನ ಎದುರಾದರೆ ಮಾತ್ರ ನೋಡುವುದು. ಅಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಪದಗಳ ಅರ್ಥ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ‘ದೊಕಿದೊಕಿ’ ಅಂತ ಎದೆ ಹೊಡೆದುಕೊಂಡರೆ ಡವಡವ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

2022ರ ಡಿಸೆಂಬರ್‌ನಲ್ಲಿ ಮತ್ತೆ ಎನ್3 ಬರೆದೆ. ಅದೇ 70 ನಿಮಿಷ. ಎಲ್ಲಾ ಪ್ಯಾಸೇಜ್ ಓದಿ ಮುಗಿದಾಗ ಇನ್ನೂ ಎಂಟು ನಿಮಿಷ ಉಳಿದಿತ್ತು. ಆ ಭಾಗಕ್ಕೆ 46 ಬಂತು.

ಆ ಉತ್ಸಾಹದಲ್ಲಿ ಅಓಜೊರಾ ಬುಂಕೊ ತಾಣಕ್ಕೆ ಹೋದೆ, ಹಕ್ಕುಸ್ವಾಮ್ಯ ಮುಗಿದ ಹಳೆಯ ಜಪಾನಿ ಸಾಹಿತ್ಯ ಅಲ್ಲಿ ಉಚಿತವಾಗಿ ಸಿಗುತ್ತದೆ. ಮೂರು ಪುಟಕ್ಕೆ ಸುಸ್ತಾದೆ, ಮತ್ತೆ ಇಂಗ್ಲಿಷ್ ಬಂದು ಕೂತಿತು. ನಾಲ್ಕನೇ ನಿಯಮ ನೆನಪಾಗಿ ಮುಚ್ಚಿಟ್ಟೆ. ಈಗ ಬ್ಯಾಗ್‌ನಲ್ಲಿರುವುದು ಐದನೇ ಕ್ಲಾಸಿನ ಮಕ್ಕಳಿಗಾಗಿ ಬರೆದ ಒಂದು ಪತ್ತೇದಾರಿ ಕಥೆ, ನಿನ್ನೆ ಮೆಟ್ರೋದಲ್ಲಿ ಅದನ್ನು ಓದುತ್ತಾ ಇಳಿಯುವ ಸ್ಟೇಷನ್ ದಾಟಿ ಹೋಗಿದ್ದೆ.