ದುಬಾರಿ ಆಡಿಯೊ ನಿಜಕ್ಕೂ ಚೆನ್ನಾಗಿ ಕೇಳಿಸುತ್ತದೆಯೇ? ದುಡ್ಡು ಕೊಡುವ ಮುನ್ನ ಪರೀಕ್ಷಿಸುವ ಬಗೆ

ಎರಡು ಆಂಪ್ಲಿಫೈಯರ್‌ಗಳಲ್ಲಿ (ಸ್ಪೀಕರಿಗೆ ಶಕ್ತಿ ಕೊಡುವ ಪೆಟ್ಟಿಗೆ, ಚುಟುಕಾಗಿ ಆಂಪ್) ಒಂದರ ದನಿ ಅರ್ಧ ಡೆಸಿಬಲ್ ಹೆಚ್ಚಿದ್ದರೆ ಕಿವಿ ಅದನ್ನು ‘ಜೋರು’ ಎಂದು ಗುರುತಿಸುವುದಿಲ್ಲ. ‘ಸ್ಪಷ್ಟವಾಗಿದೆ, ತುಂಬಿ ಬರುತ್ತಿದೆ’ ಎನ್ನುತ್ತದೆ. ದುಬಾರಿ ಪೆಟ್ಟಿಗೆ ಎಷ್ಟೋ ಸಲ ಗೆಲ್ಲುವುದು ಇಷ್ಟರಿಂದಲೇ. ಹಾಗಾಗಿ ಮೊದಲ ಕೆಲಸ ವಾಲ್ಯೂಮ್ ಸರಿಗಟ್ಟುವುದು.

ಇದಕ್ಕೆ ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು. ಸ್ಪೀಕರ್ ಜೋಡಿಸಿರುವಂತೆಯೇ 400 ಹರ್ಟ್ಸ್‌ನ ಸೈನ್ ಟೋನ್ (ಒಂದೇ ಸ್ವರದ ಏಕರೂಪದ ದನಿ) ನುಡಿಸಿ, ಸ್ಪೀಕರ್ ಟರ್ಮಿನಲ್‌ಗಳ ನಡುವಿನ ಎಸಿ ವೋಲ್ಟೇಜ್ ಅಳೆಯಿರಿ. ಮೊದಲ ಆಂಪ್ 2.00 ವೋಲ್ಟ್ ತೋರಿಸಿದರೆ ಎರಡನೆಯದು 1.98ರಿಂದ 2.02ರೊಳಗೆ ನಿಲ್ಲಬೇಕು, ಆಗ ವ್ಯತ್ಯಾಸ 0.1 ಡೆಸಿಬಲ್ ದಾಟುವುದಿಲ್ಲ. ಎಡ, ಬಲ ಎರಡೂ ಚಾನೆಲ್ ನೋಡಿ. ಮೀಟರಿನ ಎರಡು ಮೊನೆಗಳು ಒಂದಕ್ಕೊಂದು ತಾಗದಂತೆ ಎಚ್ಚರವಿರಲಿ, ತಾಗಿದರೆ ಆಂಪ್ ಶಾರ್ಟ್ ಆಗುತ್ತದೆ. ಫೋನಿನ ಸೌಂಡ್ ಮೀಟರ್ ಆ್ಯಪ್ ಈ ಕೆಲಸಕ್ಕೆ ಬಾರದು, ಫೋನು ಒಂದು ಗೇಣು ಸರಿದರೂ ಅಂಕಿ ಬದಲಾಗುತ್ತದೆ.

ಆಮೇಲೆ ಕಣ್ಣಿಗೆ ಕಾಣದಂತೆ ಕೇಳಬೇಕು. ಇನ್ನೊಬ್ಬರು ಮರೆಯಲ್ಲಿ ನಿಂತು, ನಾಣ್ಯ ಚಿಮ್ಮಿ, ಯಾವ ಆಂಪ್ ಎಂದು ನಿರ್ಧರಿಸಲಿ. ಒಂದೇ ಹಾಡಿನ ಅದೇ 10–15 ಸೆಕೆಂಡಿನ ತುಣುಕನ್ನು 16 ಸುತ್ತು ಕೇಳಿ, ಉತ್ತರ ಬರೆದಿಡಿ. 12 ಅಥವಾ ಹೆಚ್ಚು ಸರಿಯಾದರೆ ವ್ಯತ್ಯಾಸ ನಿಜವಾಗಿ ಕೇಳಿಸುತ್ತಿದೆ ಎನ್ನಬಹುದು, ಬರೀ ಊಹೆಯಿಂದ ಅಷ್ಟು ಬರುವ ಸಾಧ್ಯತೆ ಶೇ. 4ಕ್ಕಿಂತ ಕಡಿಮೆ. ಆರು ಸುತ್ತಿಗೆ ನಿಲ್ಲಿಸಿ ‘ಐದು ಸರಿ’ ಎಂದು ಹಿಗ್ಗಬೇಡಿ, ಊಹಿಸಿದರೂ ಐದೋ ಆರೋ ಸರಿಯಾಗುವ ಸಾಧ್ಯತೆ ಶೇ. 11ರಷ್ಟಿದೆ. ತಂತಿ ಬಿಚ್ಚಿ ಕಟ್ಟುವಷ್ಟರಲ್ಲಿ ಕೇಳಿದ ನೆನಪು ಮಾಸುವುದರಿಂದ ಸ್ವಿಚ್ ಬಾಕ್ಸ್ ಒಳ್ಳೆಯದು. ಆದರೆ ಅದು ಪ್ಲಸ್, ಮೈನಸ್ ಎರಡನ್ನೂ ಬದಲಿಸುವಂಥದ್ದೇ ಆಗಿರಬೇಕು. ಮೈನಸ್‌ಗಳನ್ನು ಒಂದುಗೂಡಿಸುವ ಬಾಕ್ಸ್, ಮೈನಸ್ ತುದಿಯಲ್ಲೂ ಸಿಗ್ನಲ್ ಹರಿಯುವ ಬ್ರಿಡ್ಜ್ಡ್ ಆಂಪ್‌ಗಳನ್ನು ಸುಟ್ಟುಬಿಡಬಹುದು. ಗಾಜಿನ ನಿರ್ವಾತ ಕೊಳವೆಗಳ ವಾಲ್ವ್ ಆಂಪ್ ಅನ್ನು ಸ್ಪೀಕರ್ ಇಲ್ಲದೆ ನುಡಿಸುವುದಂತೂ ಬೇಡವೇ ಬೇಡ.

ಹೀಗೆ ಕೇಳಿದಾಗ ಸರಿಯಾಗಿ ವಿನ್ಯಾಸಗೊಂಡ ಎರಡು ಟ್ರಾನ್ಸಿಸ್ಟರ್ ಆಂಪ್‌ಗಳು, ಶಕ್ತಿಯ ಮಿತಿಯೊಳಗೆ ನುಡಿಯುವಾಗ, ಸಾಮಾನ್ಯವಾಗಿ ಬೇರೆ ಬೇರೆ ಎಂದು ಗೊತ್ತಾಗುವುದಿಲ್ಲ. ಗೊತ್ತಾದರೆ ಕಾರಣ ಹುಡುಕಿ: ಒಂದು ಕ್ಲಿಪ್ ಆಗುತ್ತಿರಬಹುದು (ಶಕ್ತಿ ಸಾಲದೆ ಅಲೆಯ ತುದಿ ಕತ್ತರಿಸಿಹೋಗುವುದು), ಇಲ್ಲವೇ ಅದರ ಔಟ್‌ಪುಟ್ ಇಂಪಿಡೆನ್ಸ್ (ಆಂಪ್‌ನೊಳಗಿನ ತಡೆ) ಹೆಚ್ಚಿರಬಹುದು. 2 ಓಮ್ ಔಟ್‌ಪುಟ್ ಇಂಪಿಡೆನ್ಸ್ ಇರುವ ವಾಲ್ವ್ ಆಂಪ್‌ಗೆ, 4ರಿಂದ 20 ಓಮ್‌ವರೆಗೆ ಏರಿಳಿಯುವ ಸ್ಪೀಕರ್ ಕಟ್ಟಿದರೆ ಬೇರೆ ಬೇರೆ ಸ್ವರಗಳ ನಡುವೆ ಸುಮಾರು 2.7 ಡೆಸಿಬಲ್ ಅಂತರ ಬೀಳುತ್ತದೆ. ಅದು ಇಷ್ಟವಾದರೆ ಕೊಳ್ಳಿ, ತಪ್ಪಿಲ್ಲ. ಆದರೆ ದನಿಯ ಅದೇ ಬಣ್ಣ, ಸ್ವರಮಟ್ಟಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಈಕ್ವಲೈಸರ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತದೆ.

ಕೇಬಲ್ ವಿಷಯ ಚಿಕ್ಕದು. 2.5 ಚದರ ಮಿ.ಮೀ. ತಾಮ್ರದ ತಂತಿ 5 ಮೀಟರ್ ಉದ್ದಕ್ಕೆ, ಹೋಗಿ ಬರುವ ದಾರಿ ಸೇರಿ, ಸುಮಾರು 0.07 ಓಮ್. 4 ಓಮ್ ಸ್ಪೀಕರಿಗೆ 0.2 ಓಮ್‌ವರೆಗೂ ಚಿಂತೆಯಿಲ್ಲ.

ಸ್ಪೀಕರ್ ಮತ್ತು ಹೆಡ್‌ಫೋನ್‌ಗಳಲ್ಲಿ ವ್ಯತ್ಯಾಸ ಧಾರಾಳವಾಗಿ ಕೇಳಿಸುತ್ತದೆ. ಆದರೆ ಅದು ಬೆಲೆಯ ಹಿಂದೆ ಹೋಗುತ್ತದೆ ಎಂದೇನಿಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ 283 ಹೆಡ್‌ಫೋನ್‌ಗಳನ್ನು ಅಳೆದು, ಅವುಗಳ ಫ್ರೀಕ್ವೆನ್ಸಿ ರೆಸ್ಪಾನ್ಸ್‌ಗೂ (ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆ ಎಂಬುದು) ಬೆಲೆಗೂ ಸಂಬಂಧವನ್ನೇ ಕಾಣಲಿಲ್ಲ. ಸ್ಪೀಕರ್‌ನಲ್ಲಿ ಹೆಚ್ಚಿನ ದುಡ್ಡು ನ್ಯಾಯವಾಗಿ ತಂದುಕೊಡುವುದು ಆಳವಾದ ಬಾಸ್ ಮತ್ತು ಒಡೆಯದೆ ಏರುವ ದನಿ. ಅಷ್ಟೇ ಜೋರಿನಲ್ಲಿ ಒಂದು ಆಕ್ಟೇವ್ (ಅಂದರೆ ಅರ್ಧ ಹರ್ಟ್ಸ್‌ಗೆ) ಕೆಳಗಿಳಿಯಲು ಡ್ರೈವರ್‌ನ ಕೋನ್ (ಕಂಪಿಸುವ ಪೊರೆ) ನಾಲ್ಕು ಪಟ್ಟು ಗಾಳಿ ತಳ್ಳಬೇಕು. ಅದಕ್ಕೆ ದೊಡ್ಡ ಡ್ರೈವರ್, ದೊಡ್ಡ ಪೆಟ್ಟಿಗೆ ಬೇಕೇ ಬೇಕು. ಉಳಿದ ದುಡ್ಡಿನಲ್ಲಿ ಬಹುಪಾಲು ಮರದ ಹೊಳಪಿಗೆ, ದಪ್ಪ ಲೋಹದ ಮುಖಕ್ಕೆ, ಬೆರಳೆಣಿಕೆಯಷ್ಟೇ ತಯಾರಿಸುವ ಖರ್ಚಿಗೆ ಹೋಗುತ್ತದೆ.

ಬೆಲೆಪಟ್ಟಿಗಿಂತ ಮೊದಲು ಸಿಟಿಎ-2034 (ಸ್ಪೀಕರ್ ಅಳೆಯುವ ಒಂದು ಮಾನದಂಡ) ಮಾದರಿಯ ಅಳತೆ ಹುಡುಕಿ. ಸ್ಪೀಕರಿನ ಸುತ್ತಲಿನ 70 ಕೋನಗಳಲ್ಲಿ ಅಳೆದು ಅದನ್ನು ಗ್ರಾಫ್ ಆಗಿ ಬರೆಯುತ್ತಾರೆ. ನೇರ ಎದುರಿನ ದನಿಯ ಗೆರೆ ಸಮತಟ್ಟಾಗಿರಬೇಕು, ಬದಿಯ ಗೆರೆಗಳು ತಗ್ಗುಗುಂಡಿಯಿಲ್ಲದೆ ನಯವಾಗಿ ಇಳಿಯಬೇಕು. ‘20 ಹರ್ಟ್ಸ್–20 ಕಿಲೊಹರ್ಟ್ಸ್’ ಎಂದು ಬರೆದು ಎಷ್ಟು ಡೆಸಿಬಲ್ ಒಳಗೆ ಎಂದು ಹೇಳದ ಕರಪತ್ರವನ್ನು ಪಕ್ಕಕ್ಕಿಡಿ.

ಇಷ್ಟಾದರೂ ಸುಮಾರು 200–300 ಹರ್ಟ್ಸ್ ಕೆಳಗೆ ಆಳುವುದು ಕೋಣೆಯೇ. 5 ಮೀಟರ್ ಉದ್ದದ ಕೋಣೆ 34 ಹರ್ಟ್ಸ್ ಸುತ್ತ ಗುಂಯ್‌ಗುಡುತ್ತದೆ. ಸ್ಪೀಕರಿನ ಮುಖ ಹಿಂಗೋಡೆಯಿಂದ 1 ಮೀಟರ್ ದೂರವಿದ್ದರೆ 86 ಹರ್ಟ್ಸ್ ಬಳಿ ದನಿ ಕುಸಿಯುತ್ತದೆ. ಕ್ಯಾಲಿಬ್ರೇಶನ್ ಫೈಲ್ (ಮೈಕಿನ ತಪ್ಪು ತಿದ್ದುವ ಅಂಕಿಗಳು) ಇರುವ ಯುಎಸ್‌ಬಿ ಮೈಕನ್ನು ಕಿವಿಯ ಎತ್ತರಕ್ಕೆ ನಿಲ್ಲಿಸಿ, ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝಾರ್ಡ್ ತಂತ್ರಾಂಶದಲ್ಲಿ ಸ್ವೀಪ್ (ಕೆಳಸ್ವರದಿಂದ ಮೇಲಿನವರೆಗೆ ಏರುವ ದನಿ) ಓಡಿಸಿ. ಕುರ್ಚಿಯನ್ನು, ನಂತರ ಸ್ಪೀಕರನ್ನು 20–30 ಸೆಂ.ಮೀ. ಸರಿಸುತ್ತಾ ಮತ್ತೆ ಅಳೆಯಿರಿ. ಉಳಿದ ಉಬ್ಬುಗಳನ್ನು ಈಕ್ವಲೈಸರ್‌ನಿಂದ ತಗ್ಗಿಸಿ. ಕಿರಿದಾದ ಗುಂಡಿಗಳನ್ನು ತುಂಬಲು ಹೋಗಬೇಡಿ: 10 ಡೆಸಿಬಲ್ ಏರಿಸಿದರೆ ಆಂಪ್ ಹತ್ತು ಪಟ್ಟು ಶಕ್ತಿ ಕೊಡಬೇಕು, ಗುಂಡಿ ಮಾತ್ರ ಅಲ್ಲೇ ಇರುತ್ತದೆ.