ಟಿಕೆಟ್ ಮಾಡುವಾಗಲೇ ಕೇಳಿಬಿಡುತ್ತೇನೆ: ಬ್ಯಾಗಿನಲ್ಲಿ ಕೊಬ್ಬರಿ ಇದೆಯಾ, ಕರ್ಪೂರ ಇದೆಯಾ?

ತಿಪಟೂರಿನಲ್ಲಿ ನಂದೊಂದು ಟಿಕೆಟ್ ಬುಕಿಂಗ್ ಅಂಗಡಿ ಇದೆ. ರೈಲು, ಬಸ್ಸು, ವಿಮಾನ, ಎಲ್ಲದಕ್ಕೂ ಟಿಕೆಟ್ ಮಾಡಿಕೊಡುತ್ತೇನೆ. ವಿಮಾನದ ಟಿಕೆಟ್ ಆದರೆ ದುಡ್ಡು ಕಟ್ಟುವ ಮುಂಚೆ ಪರದೆಯ ಮೇಲೆ ಒಂದು ಪುಟ್ಟ ಚೌಕ ಬರುತ್ತದೆ. ನಿಯಮಗಳನ್ನು ಓದಿ ಒಪ್ಪಿದ್ದೇನೆ ಅಂತ ಅದಕ್ಕೆ ಟಿಕ್ ಹಾಕಬೇಕು. ವಿಮಾನದಲ್ಲಿ ಏನೇನು ಒಯ್ಯಬಾರದು ಅನ್ನುವ ನಿಯಮವೂ ಅದರಲ್ಲೇ ಸೇರಿರುತ್ತದೆ. ಟಿಕ್ ಹಾಕುವವನು ನಾನು. ಬ್ಯಾಗ್ ಕಟ್ಟುವವರು ಹಳ್ಳಿಯಲ್ಲಿರುವ ಅಮ್ಮ. ದುಡ್ಡು ಕಳಿಸುವವನು ಅಮೆರಿಕದಲ್ಲಿರುವ ಮಗ. ನಿಯಮ ನಿಜವಾಗಿ ಯಾರಿಗೆ ಗೊತ್ತಿರಬೇಕೋ ಅವರ ಕಿವಿಗೆ ಅದು ಬೀಳುವುದೇ ಇಲ್ಲ.

ಈ ಚೌಕ ಸುಮ್ನೆ ಬಂದದ್ದಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಅಪಾಯಕಾರಿ ವಸ್ತುಗಳ ಸಾಗಣೆಗೆ ಎರಡು ವರ್ಷಕ್ಕೊಮ್ಮೆ ಸೂಚನೆಗಳ ಪುಸ್ತಕ ಹೊರಡಿಸುತ್ತದೆ. ಟಿಕೆಟ್ ಕೊಳ್ಳುವ ಹೊತ್ತಿಗೇ ಪ್ರಯಾಣಿಕರಿಗೆ ಈ ವಿಷಯ ತಿಳಿಸಬೇಕು ಅಂತ ಅದರಲ್ಲಿದೆ. ಅಕ್ಷರದಲ್ಲಾದರೂ ಸರಿ, ಚಿತ್ರದಲ್ಲಾದರೂ ಸರಿ. ನಮ್ಮ ದೇಶದಲ್ಲಿ 2003ರಲ್ಲೇ ಇದಕ್ಕೆ ಪ್ರತ್ಯೇಕ ನಿಯಮಗಳು ಬಂದವು. ಹೊಣೆ ಏರ್‌ಲೈನ್ಸ್‌ನದ್ದು, ನಿಜ. ಆದರೆ ಗಿರಾಕಿಯ ಎದುರು ಕೂತಿರುವವನು ನಾನಲ್ವಾ? ಅವರ ಪರವಾಗಿ ನಾನು ಟಿಕ್ ಒತ್ತಿದರೆ ಅವರಿಗೆ ಗೊತ್ತಾಗಿದೆ ಅಂತ ನಾನೇ ಹೇಳಿದ ಹಾಗೆ. ಅದಕ್ಕೇ ಕೇಳದೆ ಒತ್ತುವುದಿಲ್ಲ ಅಂತ ನಿಯಮ ಮಾಡಿಕೊಂಡಿದ್ದೇನೆ.

ಕೇಳುವುದಕ್ಕೂ ಒಂದು ರೀತಿ ಇದೆ. "ಅಪಾಯಕಾರಿ ವಸ್ತು ಏನಾದರೂ ಇದೆಯಾ?" ಅಂದರೆ ಯಾರೂ ಹೌದು ಅನ್ನುವುದಿಲ್ಲ. "ಅಯ್ಯೋ, ನಮ್ಮತ್ರ ಅಂಥದ್ದೇನಿರುತ್ತಪ್ಪ, ಬರೀ ಬಟ್ಟೆ, ತಿಂಡಿ" ಅನ್ನುತ್ತಾರೆ. ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಅವರ ಮನಸ್ಸಿನಲ್ಲಿ ಅಪಾಯ ಅಂದರೆ ಬಾಂಬು, ಪೆಟ್ರೋಲು. ದೇವರ ಮನೆಯ ಕರ್ಪೂರವನ್ನು ಆ ಸಾಲಿಗೆ ಯಾರು ಸೇರಿಸುತ್ತಾರೆ? ಹಾಗಾಗಿ ವಸ್ತುವಿನ ವಿಚಾರ ಎತ್ತುವುದಕ್ಕೆ ಮುಂಚೆ ಹೋಗುವ ಕಾರಣ ಕೇಳುತ್ತೇನೆ. ಬಾಣಂತನಕ್ಕಾ, ಗೃಹಪ್ರವೇಶಕ್ಕಾ, ಶಬರಿಮಲೆಗಾ, ಕೆಲಸಕ್ಕಾ? ಕಾರಣ ಗೊತ್ತಾದರೆ ಬ್ಯಾಗಿನಲ್ಲಿ ಏನಿರುತ್ತದೆ ಅನ್ನುವುದು ಮುಕ್ಕಾಲು ಪಾಲು ಗೊತ್ತಾದ ಹಾಗೆ.

ನಮ್ಮೂರಿಂದ ವಿದೇಶಕ್ಕೆ ಹೊರಡುವ ಹಿರಿಯರಲ್ಲಿ ಮಗಳ ಬಾಣಂತನಕ್ಕೆ ಹೋಗುವ ತಾಯಂದಿರು ಜಾಸ್ತಿ. ಒಬ್ಬ ಅಮ್ಮ ಬಂದಿದ್ದರು, ಮಗಳು ಡಲ್ಲಾಸ್‌ನಲ್ಲಿ. ಕಾರಣ ಕೇಳಿದ ಮೇಲೆ ನಾನು ಕೇಳಿದ್ದು ಇಷ್ಟೇ: "ಅಮ್ಮಾ, ಮಡಿಲು ತುಂಬೋಕೆ ಏನು ಇಟ್ಕೊಂಡಿದ್ದೀರಾ?" ಖುಷಿಯಿಂದ ಹೇಳುತ್ತಾ ಹೋದರು. ಅಕ್ಕಿ, ಬೆಲ್ಲ, ಅರಿಶಿನದ ಕೊಂಬು, ಬಳೆ, ಸೀರೆ, ಕೊಬ್ಬರಿ ಗಿಟುಕು. ಗಿಟುಕು ಸಹ ಮನೆ ತೋಟದ್ದೇ, ಅಟ್ಟದ ಮೇಲೆ ಬಿಟ್ಟು ತಾವೇ ಒಣಗಿಸಿದ್ದು. "ಮಗು ಹುಟ್ಟಿದ ಮೇಲೆ ಧೂಪಕ್ಕೆ?" ಅಂದೆ. ಸಾಂಬ್ರಾಣಿ, ಬಜೆ, ಒಂದು ಪೊಟ್ಟಣ ಇದ್ದಿಲು. "ಅಲ್ಲಿ ಇದ್ದಿಲು ಎಲ್ಲಿ ಸಿಗುತ್ತೋ ಏನೋ" ಅಂತ. ಪೂಜೆಗೆ ಕರ್ಪೂರದ ಡಬ್ಬಿ, ಜೊತೆಗೆ ಬೆಂಕಿಪೊಟ್ಟಣ.

ಕೊಬ್ಬರಿ, ಇದ್ದಿಲು, ಕರ್ಪೂರ, ಬೆಂಕಿಪೊಟ್ಟಣ. ನಾಲ್ಕೂ ಬ್ಯಾಗಿನಿಂದ ಹೊರಗೆ. ಅಮ್ಮನ ಮುಖ ಇಳಿಯಿತು. ಆದರೆ ಪ್ರಯಾಣಕ್ಕೆ ಇನ್ನೂ ತಿಂಗಳು ಇತ್ತು. ಟಿಕೆಟ್ ಮಾಡುವಾಗ ಕೇಳುವುದರ ಪ್ರಯೋಜನವೇ ಇದು, ಬೇರೆ ದಾರಿ ಹುಡುಕುವುದಕ್ಕೆ ಸಮಯ ಇರುತ್ತದೆ. ಮಗಳಿಗೆ ಅಲ್ಲಿಂದಲೇ ಫೋನ್ ಹಚ್ಚಿದೆವು. ಗಿಟುಕು, ಕರ್ಪೂರ ಅಲ್ಲಿನ ಇಂಡಿಯನ್ ಸ್ಟೋರ್‌ನಲ್ಲೇ ಸಿಗುತ್ತದೆ ಅಂದರು. "ಊರಿನ ಕೊಬ್ಬರಿ ಥರ ಇರಲ್ಲ" ಅಂತ ಅಮ್ಮ ಗೊಣಗಿದರು. ಇರಲ್ಲ, ಅದೂ ನಿಜವೇ. ತಿಪಟೂರಿನವನಾಗಿ ನಾನು ಅದನ್ನು ಒಪ್ಪಲೇಬೇಕು.

ಇದೇ ವಿಷಯ ಏರ್‌ಪೋರ್ಟ್‌ನಲ್ಲಿ ಗೊತ್ತಾದರೆ ಹೇಗಿರುತ್ತದೆ ಯೋಚಿಸಿ. ಇಲ್ಲಿಂದ ದೇವನಹಳ್ಳಿಗೆ ಹೋಗಲು ಮೂರು ನಾಲ್ಕು ತಾಸು ಬೇಕು. ಬ್ಯಾಗ್ ಕೊಟ್ಟು ಒಳಗೆ ಹೋದ ಮೇಲೆ ಎಕ್ಸ್‌ರೇಯಲ್ಲಿ ಏನಾದರೂ ಕಂಡರೆ ವಾಪಸ್ ಕರೆಸುತ್ತಾರೆ. ಎಲ್ಲರ ಎದುರು ಸೂಟ್‌ಕೇಸ್ ಬಿಚ್ಚಬೇಕು. ಬಿಡಲು ಬಂದ ಕಾರು ಅಷ್ಟರಲ್ಲಿ ವಾಪಸ್ ಹೊರಟಿರುತ್ತದೆ, ತೆಗೆದ ಸಾಮಾನು ಯಾರ ಕೈಗೂ ಕೊಡುವಂತಿಲ್ಲ. ಮೊದಲ ಸಲ ವಿಮಾನ ಹತ್ತುವ ಹಿರಿಯರಿಗೆ ಆ ಗಾಬರಿ ಬೇಡ.

ಕೊಬ್ಬರಿ ವಿಷಯಕ್ಕೆ ನನ್ನ ಜೊತೆ ವಾದಕ್ಕಿಳಿಯುವವರು ಬಹಳ. ಊರು ತುಂಬಾ ಅದೇ ವ್ಯಾಪಾರ. ಅಟ್ಟದ ಕೆಳಗೇ ಮಲಗಿ ಬೆಳೆದವರು ನಾವು. "ಕೊಬ್ಬರಿ ಯಾವತ್ತು ತಾನಾಗೇ ಹತ್ತಿಕೊಂಡಿದೆ ಹೇಳಿ ನೋಡೋಣ" ಅನ್ನುತ್ತಾರೆ. ನಾನು ಅವರಿಗೆ ಗೊತ್ತಿರುವ ಮಾತನ್ನೇ ನೆನಪಿಸುತ್ತೇನೆ. ಸರಿಯಾಗಿ ಒಣಗದ ಕೊಬ್ಬರಿಯನ್ನು ಮೂಟೆ ಕಟ್ಟಿ ಒಟ್ಟಿದರೆ ಒಳಗೆ ಬಿಸಿಯಾಗುತ್ತದಲ್ವಾ? ಕೊಬ್ಬರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ. ಎಣ್ಣೆ ಗಾಳಿಯ ಜೊತೆ ಸೇರಿ ನಿಧಾನವಾಗಿ ಕಾಯುತ್ತದೆ. ತೇವ ಇದ್ದು ಬೂಷ್ಟು ಹಿಡಿದರೆ ಇನ್ನೂ ಬೇಗ. ಕಾವು ಹೊರಗೆ ಹೋಗಲು ಜಾಗ ಇಲ್ಲದಿದ್ದರೆ ಏರುತ್ತಲೇ ಹೋಗುತ್ತದೆ. ಹಾಗಾಗಿಯೇ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಕೊಬ್ಬರಿಗೆ ಯುಎನ್ 1363 ಅಂತ ನಂಬರ್ ಇದೆ. ವರ್ಗ 4.2, ತಾನಾಗಿಯೇ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗ. ಇದ್ದಿಲೂ ಅದೇ ವರ್ಗದ್ದು. ಕರ್ಪೂರ 4.1, ಬೇಗ ಹತ್ತಿಕೊಳ್ಳುವ ಘನ ವಸ್ತು. ನಮ್ಮಲ್ಲಿ ವಿಮಾನ ನಿಲ್ದಾಣಗಳ ಭದ್ರತೆ ನೋಡುವ ಬಿಸಿಎಎಸ್ 2022ರಲ್ಲಿ ಒಣ ಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿನ ನಿಷೇಧದ ಪಟ್ಟಿಗೆ ಸೇರಿಸಿತು.

ಚೆನ್ನಾಗಿ ಒಣಗಿದ ಎರಡು ಗಿಟುಕು ಸೂಟ್‌ಕೇಸಿನಲ್ಲಿ ಹೊತ್ತಿ ಉರಿಯುತ್ತವೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹೇಳುವುದು ಇಷ್ಟು: ಎಕ್ಸ್‌ರೇ ನೋಡುವವರಿಗೆ ನಿಮ್ಮ ಕೊಬ್ಬರಿ ಎಷ್ಟು ಒಣಗಿದೆ ಅಂತ ತಿಳಿಯುವುದಿಲ್ಲ. ಒಬ್ಬರಿಗೆ ಎರಡು ಬಿಟ್ಟರೆ ಇನ್ನೊಬ್ಬರಿಗೆ ಇಪ್ಪತ್ತು ಬಿಡಬೇಕಾಗುತ್ತದೆ. ಸಾಮಾನು ತುಂಬುವ ಜಾಗಕ್ಕೆ ವಿಮಾನ ಹಾರುವಾಗ ಯಾರೂ ಹೋಗಿ ನೋಡಲಾಗುವುದಿಲ್ಲ. ಇಷ್ಟು ಹೇಳಿದರೆ ಬಹಳಷ್ಟು ಜನ ಒಪ್ಪುತ್ತಾರೆ. "ಪಕ್ಕದ ಮನೆಯವರು ತಗೊಂಡು ಹೋದ್ರಲ್ಲ" ಅನ್ನುವವರು ಇದ್ದೇ ಇರುತ್ತಾರೆ. ಅವರು ಒಯ್ದಿರಬಹುದು. ಅದು ಕಣ್ಣು ತಪ್ಪಿ ಹೋದದ್ದು, ಒಪ್ಪಿಗೆ ಸಿಕ್ಕಿದ್ದಲ್ಲ.

ಇಡೀ ತೆಂಗಿನಕಾಯಿ ಕಥೆ ಬೇರೆ. ಶಬರಿಮಲೆಗೆ ಕೊಚ್ಚಿವರೆಗೆ ವಿಮಾನದಲ್ಲಿ ಹೋಗುವ ಅಯ್ಯಪ್ಪ ಭಕ್ತರು ಇರುಮುಡಿಯಲ್ಲಿ ತುಪ್ಪ ತುಂಬಿದ ಕಾಯಿ ಇಟ್ಟುಕೊಂಡಿರುತ್ತಾರೆ. ಕ್ಯಾಬಿನ್ ಒಳಗೆ ಕಾಯಿ ಬಿಡುವುದಿಲ್ಲ ಅನ್ನುವುದು ಸಾಮಾನ್ಯ ನಿಯಮ. 2024ರ ಅಕ್ಟೋಬರ್‌ನಲ್ಲಿ ಬಿಸಿಎಎಸ್ ಅವರಿಗೆ ವಿನಾಯಿತಿ ಕೊಟ್ಟಿತು, 2025ರ ಜನವರಿ 20ರವರೆಗೆ ಮಾತ್ರ. ಇಂಥ ವಿನಾಯಿತಿ ಒಂದು ಸಲ ಬಂತು ಅಂದರೆ ಯಾವಾಗಲೂ ಇದೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಾಗಿ ಮಾಲೆ ಹಾಕಿದವರಿಗೆ ಟಿಕೆಟ್ ಮಾಡುವಾಗ ಪ್ರತಿ ಸಲ ಹೊಸದಾಗಿ ವಿಚಾರಿಸಿಯೇ ಹೇಳುತ್ತೇನೆ.

ಹುಡುಗರಿಗೆ ಕೇಳುವ ಪ್ರಶ್ನೆ ಒಂದೇ, ಪವರ್ ಬ್ಯಾಂಕ್. ಇದ್ದರೆ ಇಲ್ಲೇ ತೋರಿಸಿ ಅನ್ನುತ್ತೇನೆ. ತಿರುಗಿಸಿ ಹಿಂಭಾಗದ ಸಣ್ಣ ಅಕ್ಷರ ಓದಬೇಕು. ವ್ಯಾಟ್-ಅವರ್, ಅಂದರೆ ಒಳಗೆ ಎಷ್ಟು ಶಕ್ತಿ ಹಿಡಿಯುತ್ತದೆ ಅನ್ನುವ ಲೆಕ್ಕ, ಬರೆದಿದ್ದರೆ ಸರಿ. ಬರೀ ಎಂಎಎಚ್ (mAh) ಇದ್ದರೆ ಅದನ್ನು ಒಳಗಿನ ಬ್ಯಾಟರಿಯ 3.7 ವೋಲ್ಟ್‌ನಿಂದ ಗುಣಿಸಿ 1000ದಿಂದ ಭಾಗಿಸಬೇಕು. 10,000 ಎಂಎಎಚ್‌ನದ್ದು 37 ವ್ಯಾಟ್-ಅವರ್ ಆಗುತ್ತದೆ, 20,000ದ್ದು 74. ನೂರರ ಒಳಗಿದ್ದರೆ ಕೈಬ್ಯಾಗಿನಲ್ಲಿ ಒಯ್ಯಬಹುದು. 30,000ದ್ದು 111 ಆಗುತ್ತದೆ, ಅದಕ್ಕೆ ಏರ್‌ಲೈನ್ಸ್ ಒಪ್ಪಿಗೆ ಬೇಕು. 160 ದಾಟಿದರೆ ಬಿಡುವುದೇ ಇಲ್ಲ. ಎಷ್ಟೇ ಚಿಕ್ಕದಾದರೂ ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ. ಅಕ್ಷರ ಅಳಿಸಿಹೋಗಿರುವ ಹಳೇ ಪವರ್ ಬ್ಯಾಂಕನ್ನು ಮನೆಯಲ್ಲೇ ಬಿಡಿ ಅನ್ನುತ್ತೇನೆ, ಎಷ್ಟಿದೆ ಅಂತ ತೋರಿಸಲು ಆಗದಿದ್ದರೆ ಅಲ್ಲಿ ತಕರಾರು.

"ಅಣ್ಣಾ, ಅಪಾಯ ಅಂದ್ಮೇಲೆ ನಮ್ಮ ಪಕ್ಕ ಯಾಕೆ ಇಟ್ಕೋಬೇಕು, ಕೆಳಗೇ ಇರ್ಲಿ ಬಿಡಿ" ಅಂತ ಒಬ್ಬ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. ಲಿಥಿಯಂ ಬ್ಯಾಟರಿ ಕೆಟ್ಟರೆ ಒಳಗಿನ ಕಾವು ತನ್ನಷ್ಟಕ್ಕೆ ಏರುತ್ತಾ ಹೋಗುತ್ತದೆ. ಕೆಳಗಿನ ಸಾಮಾನು ಜಾಗದಲ್ಲಿ ಬೆಂಕಿ ಆರಿಸಲು ಬಿಡುವ ಅನಿಲ ಜ್ವಾಲೆಯನ್ನು ತಗ್ಗಿಸಬಹುದು, ಆ ಕಾವನ್ನು ನಿಲ್ಲಿಸಲಾರದು. ಕ್ಯಾಬಿನ್‌ನಲ್ಲಾದರೆ ಹೊಗೆ ಕಂಡ ಕೂಡಲೇ ಸಿಬ್ಬಂದಿ ನೀರು ಸುರಿದು ತಣಿಸಬಹುದು. 2025ರ ಜನವರಿ 28ರಂದು ದಕ್ಷಿಣ ಕೊರಿಯಾದಲ್ಲಿ ಏರ್ ಬುಸಾನ್ ವಿಮಾನಕ್ಕೆ ಬೆಂಕಿ ಬಿತ್ತು. ಶುರುವಾದದ್ದು ತಲೆ ಮೇಲಿನ ಬ್ಯಾಗ್ ಇಡುವ ಗೂಡಿನಿಂದ, ಅನುಮಾನ ಪವರ್ ಬ್ಯಾಂಕ್ ಮೇಲೆ. ವಿಮಾನ ಇನ್ನೂ ಹಾರಿರಲಿಲ್ಲ, ಒಳಗಿದ್ದ 176 ಜನರೂ ಬದುಕಿದರು. ಅದಾದ ಮೇಲೆ ಒಂದೊಂದೇ ಏರ್‌ಲೈನ್ಸ್ ನಿಯಮ ಬಿಗಿ ಮಾಡಿದವು. ದುಬೈನ ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ ಪವರ್ ಬ್ಯಾಂಕ್, ಅದನ್ನೂ ವಿಮಾನದಲ್ಲಿ ಬಳಸುವಂತಿಲ್ಲ ಅಂದಿತು. ದುಬೈ ಮೇಲೆ ಹೋಗುವ ನಮ್ಮವರು ಬಹಳ. ಅವರಿಗೆ ಇದನ್ನು ಬಿಡಿಸಿ ಹೇಳುತ್ತೇನೆ: ಗೂಡಿನಲ್ಲಿ ಇಡಬೇಡಿ, ಕಣ್ಣೆದುರೇ ಇರಲಿ. ಗೇಟಿನ ಹತ್ತಿರ ಕೈಬ್ಯಾಗನ್ನು ಕೆಳಗೆ ಹಾಕುತ್ತೇವೆ ಅಂದರೆ ಮೊದಲು ಪವರ್ ಬ್ಯಾಂಕ್ ತೆಗೆದು ಜೇಬಿಗೆ ಹಾಕಿಕೊಳ್ಳಿ.

ಇನ್ನುಳಿದದ್ದು ಆಗಾಗ ಬರುವ ಸಾಮಾನುಗಳು. ಸೆಂಟು, ಬಾಡಿ ಸ್ಪ್ರೇ ಆದರೆ ಒಂದೊಂದು ಡಬ್ಬಿ ಅರ್ಧ ಲೀಟರ್ ಮೀರಬಾರದು, ಎಲ್ಲಾ ಸೇರಿ ಎರಡು ಲೀಟರ್. ಗಲ್ಫ್‌ನಿಂದ ವಾಪಸ್ ಬರುವವರು ಇದನ್ನು ನೆನಪಿಡಬೇಕು. ಪಟಾಕಿ, ಸುರ್‌ಸುರ್ ಬತ್ತಿ ಕೂಡ ಇಲ್ಲ. ದೀಪಾವಳಿ ಹೊತ್ತಿನಲ್ಲಿ ಮೊಮ್ಮಕ್ಕಳಿಗೆ ಅಂತ ಕೇಳೇ ಕೇಳುತ್ತಾರೆ. ತೋಟದವರು ಒಮ್ಮೊಮ್ಮೆ ಕೀಟನಾಶಕದ ಬಾಟಲಿ, ಹುಲ್ಲು ಕತ್ತರಿಸುವ ಪೆಟ್ರೋಲ್ ಮೆಷಿನ್ ಒಯ್ಯಬಹುದಾ ಅನ್ನುತ್ತಾರೆ. ಕೀಟನಾಶಕ ಬೇಡವೇ ಬೇಡ. ಮೆಷಿನ್ನಿನ ಟ್ಯಾಂಕ್ ಖಾಲಿ ಮಾಡಿದರೂ ಒಳಗೆ ಆವಿ ಉಳಿದಿರುತ್ತದೆ, ಏರ್‌ಲೈನ್ಸ್ ಕೇಳದೆ ಕಟ್ಟಬೇಡಿ. ಹಳೇ ಪಾದರಸದ ಬಿಪಿ ಮೆಷಿನ್ ಬೇಡ, ಎಲೆಕ್ಟ್ರಾನಿಕ್‌ದು ಒಯ್ಯಿರಿ. ಪಾದರಸ ಚೆಲ್ಲಿದರೆ ಅಲ್ಯೂಮಿನಿಯಂ ತಿಂದುಹಾಕುತ್ತದೆ, ವಿಮಾನದ ಮೈಯಲ್ಲಿ ಇರುವುದು ಹೆಚ್ಚಾಗಿ ಅದೇ.

ಬೇಡ ಅನ್ನುವುದರ ಜೊತೆಗೆ ಮುಂಚೆಯೇ ಅನುಮತಿ ಪಡೆಯಬೇಕಾದವೂ ಇವೆ. ನನಗೆ ಎಲ್ಲಕ್ಕಿಂತ ಕಾಳಜಿ ಅವುಗಳದ್ದೇ. ಉಸಿರಾಟದ ತೊಂದರೆ ಇರುವ ನಿವೃತ್ತ ಮೇಷ್ಟ್ರೊಬ್ಬರು ದೆಹಲಿಯ ಮಗನ ಮನೆಗೆ ಹೊರಟಿದ್ದರು. ಟಿಕೆಟ್ ಮಾಡಿಸಲು ಬಂದವರು ಸೊಸೆ. ಆಕ್ಸಿಜನ್ ವಿಷಯ ಅವರು ಎತ್ತಲೇ ಇಲ್ಲ. "ಮನೆಯಲ್ಲಿ ಮಾವನವರಿಗೆ ಯಾವುದಾದರೂ ಮೆಷಿನ್ ಹಾಕ್ತೀರಾ ಅಕ್ಕ?" ಅಂತ ಕೇಳಿದ ಮೇಲೆ ಹೊರಗೆ ಬಂತು. ಸಿಲಿಂಡರ್ ಎತ್ತಿಕೊಂಡು ಹೋಗುವ ಯೋಚನೆಯಲ್ಲಿದ್ದರು. ಅದರ ಬದಲು ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ, ಒಯ್ಯಬಹುದಾದ ಕಾನ್ಸಂಟ್ರೇಟರ್ ಮೆಷಿನ್ ಬಾಡಿಗೆಗೆ ತಂದರು, ಡಾಕ್ಟರ್ ಸಹಿ ಮಾಡಿದ ಫಾರಂ ಏರ್‌ಲೈನ್ಸ್‌ಗೆ ಮೊದಲೇ ಕಳಿಸಿದೆವು. ಪ್ರಯಾಣದ ಹೊತ್ತಿಗಿಂತ ಒಂದೂವರೆ ಪಟ್ಟು ಬಾಳುವಷ್ಟು ಬ್ಯಾಟರಿ ಇಟ್ಟುಕೊಳ್ಳಿ ಅಂದರು, ಹೆಚ್ಚಿನ ಕಡೆ ಕೇಳುವುದು ಅಷ್ಟೇ. ಬ್ಯಾಟರಿ ವ್ಹೀಲ್‌ಚೇರ್ ಇದ್ದರೂ ಹೀಗೇ, ಬ್ಯಾಟರಿ ಯಾವ ಜಾತಿಯದ್ದು, ಎಷ್ಟು ವ್ಯಾಟ್-ಅವರ್ ಅಂತ ಬುಕಿಂಗ್ ಹೊತ್ತಿಗೇ ತಿಳಿಸಬೇಕು. ಇವನ್ನೆಲ್ಲ ಕೌಂಟರಿನಲ್ಲಿ ನಿಂತು ಸರಿಪಡಿಸಲು ಆಗುವುದಿಲ್ಲ. ಕಾಯಿಲೆಯವರನ್ನು ಅಷ್ಟು ದೂರ ಕರೆದುಕೊಂಡು ಹೋಗಿ ವಾಪಸ್ ತರುವ ಪರಿಸ್ಥಿತಿ ಯಾರಿಗೂ ಬರಬಾರದು.

ಬಾಯಲ್ಲಿ ಹೇಳಿದ್ದು ಮನೆಗೆ ಹೋಗುವಷ್ಟರಲ್ಲಿ ಮರೆತುಹೋಗುತ್ತದೆ. ಟಿಕೆಟ್ಟಿನ ಕೊನೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುವುದನ್ನು ಯಾರೂ ಓದುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಒಂದು ಹಾಳೆ ಮಾಡಿದ್ದೇನೆ. ಮೇಲೆ ಚಿತ್ರ, ಕೆಳಗೆ ಒಂದು ಸಾಲು. ಕೊಬ್ಬರಿ ಚಿತ್ರ ಎಲ್ಲಕ್ಕಿಂತ ದೊಡ್ಡದು. ಟಿಕೆಟ್ ಜೊತೆ ಅದನ್ನೂ ಮಡಚಿ ಕೊಡುತ್ತೇನೆ. ಮಗ ವಿದೇಶದಿಂದ ದುಡ್ಡು ಕಟ್ಟಿದ್ದರೆ ಅಪ್ಪ ಅಮ್ಮನ ನಂಬರ್ ಕೇಳಿ ತೆಗೆದುಕೊಂಡು ನೇರ ಅವರಿಗೇ ಕಳಿಸುತ್ತೇನೆ. ಓದಲು ಕಷ್ಟ ಅನ್ನುವವರಿಗೆ ಹೊರಡುವ ಎರಡು ದಿನ ಮುಂಚೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್. ಹೊರಡುವ ಹಿಂದಿನ ರಾತ್ರಿ ಬೇಡ, ಅಷ್ಟರಲ್ಲಿ ಸೂಟ್‌ಕೇಸಿಗೆ ಹಗ್ಗ ಬಿಗಿದು ಆಗಿರುತ್ತದೆ.

ಹಾಳೆಯ ಮೂಲೆಯಲ್ಲಿ ದಿನಾಂಕ ಹಾಕುತ್ತೇನೆ. ಏರ್‌ಲೈನ್ಸ್‌ಗಳ ಪುಟ ಆಗಾಗ ನೋಡಿ, ಏನಾದರೂ ಬದಲಾಗಿದ್ದರೆ ಹೊಸದು ಅಚ್ಚು ಹಾಕಿಸಿ ಹಳೆಯದನ್ನು ಹರಿದು ಹಾಕುತ್ತೇನೆ. ಪವರ್ ಬ್ಯಾಂಕ್ ಸಾಲಂತೂ ಮೇಲಿಂದ ಮೇಲೆ ತಿದ್ದಬೇಕಾಗಿ ಬಂದಿದೆ. ನಮ್ಮ ಹಳೇ ಹಾಳೆಯ ಫೋಟೊ ಯಾರಾದರೂ ನಿಮಗೆ ಕಳಿಸಿದ್ದರೆ ಮೂಲೆಯ ದಿನಾಂಕ ನೋಡಿ. ಹಳೆಯದಾಗಿದ್ದರೆ ನಂಬಬೇಡಿ, ನಿಮ್ಮ ಏರ್‌ಲೈನ್ಸ್‌ಗೇ ಫೋನ್ ಮಾಡಿ ಕೇಳಿ.