ಟ್ರಾವೆಲ್ ಫಿಸಿಯೋಥೆರಪಿ: ಸ್ಟೈಪೆಂಡ್ ಎಣಿಸುವ ಮೊದಲು ಟ್ಯಾಕ್ಸ್ ಹೋಮ್ ನೋಡಿಕೊಳ್ಳಿ

ಅಮೆರಿಕದಲ್ಲಿ ಟ್ರಾವೆಲ್ ಫಿಸಿಯೋಥೆರಪಿಸ್ಟ್ ಅಂದರೆ ಸಾಮಾನ್ಯವಾಗಿ 13 ವಾರ ಒಂದೂರು, ಆಮೇಲಿನ 13 ವಾರ ಇನ್ನೊಂದೂರು. ನಮ್ಮ ಕಡೆ ಓದಿ ಅಲ್ಲಿ ಲೈಸೆನ್ಸ್ ಪಡೆದ ಹುಡುಗ ಹುಡುಗಿಯರೂ ಈ ಕೆಲಸಕ್ಕೆ ಇಳಿದಿದ್ದಾರೆ. ದುಡ್ಡು ಚೆನ್ನಾಗಿದೆ. ಆದರೆ ಟ್ಯಾಕ್ಸ್ ವಿಷಯದಲ್ಲಿ ಒಬ್ಬರು ಬಿದ್ದ ಹಳ್ಳಕ್ಕೇ ಇನ್ನೊಬ್ಬರು ಬೀಳುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಎಚ್‌1ಬಿ ವೀಸಾದವರಿಗೆ ಮೊದಲೇ ಒಂದು ಮಾತು: ದೂರದ ಹೊಸ ಊರಿಗೆ ಕೆಲಸ ಬದಲಾದರೆ ವೀಸಾಗೆ ತಿದ್ದುಪಡಿ ಅರ್ಜಿ ಬೇಕಾಗುತ್ತದೆ. ವಕೀಲರನ್ನು ಕೇಳದೆ ಸಹಿ ಹಾಕಬೇಡಿ.

1. ಆಫರ್ ಬಿಡಿಸಿ ನೋಡಿ

ಕೆಲಸ ಕೊಡಿಸುವ ಏಜೆನ್ಸಿಯ ರಿಕ್ರೂಟರ್ ಫೋನಿನಲ್ಲಿ "ವಾರಕ್ಕೆ 2,060 ಡಾಲರ್" ಅನ್ನುತ್ತಾರೆ ಅಂತಿಟ್ಟುಕೊಳ್ಳಿ. ಇದರಲ್ಲಿ ಸಂಬಳ ಎಷ್ಟು, ಸ್ಟೈಪೆಂಡ್ ಎಷ್ಟು ಅಂತ ಬರಹದಲ್ಲಿ ಕೇಳಿ. ಗಂಟೆಗೆ 24ರಂತೆ 40 ಗಂಟೆಗೆ 960 ಡಾಲರ್ ಸಂಬಳ, ಅದಕ್ಕೆ ಟ್ಯಾಕ್ಸ್ ಇದೆ. ಉಳಿದ 1,100 ಡಾಲರ್ ಬಾಡಿಗೆ, ಊಟದ ಸ್ಟೈಪೆಂಡ್. ಅದು ಟ್ಯಾಕ್ಸ್ ಇಲ್ಲದೆ ಕೈಗೆ ಬರುತ್ತದೆ. ಆದರೆ ಅದಕ್ಕೆ ಷರತ್ತಿದೆ. ಅದನ್ನು ಮುಂದೆ ಹೇಳುತ್ತೇನೆ.

ಸ್ಟೈಪೆಂಡ್ ಜಾಸ್ತಿ, ಸಂಬಳ ಕಮ್ಮಿ ಇದ್ದರೆ ಒಳ್ಳೆಯದು ಅಂತ ಹಲವರು ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ಓವರ್‌ಟೈಮ್ ಲೆಕ್ಕ ಸಾಮಾನ್ಯವಾಗಿ ಆ 24ರ ಮೇಲೆಯೇ, ಅಂದರೆ ಗಂಟೆಗೆ 36 ಡಾಲರ್. ಮಾಮೂಲಿ ಗಂಟೆಗೆ ಎಲ್ಲ ಸೇರಿ 51 ಡಾಲರ್ ಬೀಳುವಾಗ ಹೆಚ್ಚುವರಿ ಗಂಟೆಗೆ ಅದಕ್ಕಿಂತ ಕಮ್ಮಿ! ಮುಂದೆ ಪಿಂಚಣಿ ಕೊಡುವ ಸೋಶಿಯಲ್ ಸೆಕ್ಯುರಿಟಿಗೂ 960 ಮಾತ್ರ ಲೆಕ್ಕ. ನಾಳೆ ಮನೆ ಸಾಲಕ್ಕೆ ಹೋದಾಗ ಬ್ಯಾಂಕು ಮೊದಲು ನೋಡುವುದೂ ಟ್ಯಾಕ್ಸ್ ಕಟ್ಟಿದ ಸಂಬಳವನ್ನೇ. ಓವರ್‌ಟೈಮ್ ದರ ಮತ್ತು ರೋಗಿಗಳು ಕಮ್ಮಿಯಾದರೂ ಸಿಗುವ ಖಾತ್ರಿ ಗಂಟೆಗಳು, ಎರಡೂ ಕಾಂಟ್ರ್ಯಾಕ್ಟಿನಲ್ಲಿ ಇರಲೇಬೇಕು.

2. ಟ್ಯಾಕ್ಸ್ ಹೋಮ್ ಗಟ್ಟಿ ಮಾಡಿಕೊಳ್ಳಿ

ಎಡವುವುದು ಇಲ್ಲೇ. ಸ್ಟೈಪೆಂಡಿಗೆ ಟ್ಯಾಕ್ಸ್ ಇಲ್ಲದಿರುವುದು ನೀವು ಎರಡು ಕಡೆ ಖರ್ಚು ಮಾಡುತ್ತೀರಿ ಅನ್ನುವ ಕಾರಣಕ್ಕೆ. ಒಂದು ನಿಮ್ಮ ಸ್ವಂತ ನೆಲೆಯಲ್ಲಿ (ಇದೇ ಟ್ಯಾಕ್ಸ್ ಹೋಮ್), ಇನ್ನೊಂದು ಕೆಲಸದ ಊರಲ್ಲಿ. ನೆಲೆಯೇ ಇಲ್ಲದವರನ್ನು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಅಲೆಮಾರಿ ಅಂತ ಪರಿಗಣಿಸುತ್ತದೆ. ಆಗ ಪೂರ್ತಿ ಸ್ಟೈಪೆಂಡಿಗೂ ಟ್ಯಾಕ್ಸ್ ಬೀಳುತ್ತದೆ.

ಒಂದೇ ಕಾಯಂ ಕೆಲಸದ ಜಾಗ ಇಲ್ಲದವರಿಗೆ ಇಲಾಖೆಯವರು ಮೂರು ವಿಷಯ ನೋಡುತ್ತಾರೆ. ನಿಮ್ಮ ನೆಲೆಯ ಊರಲ್ಲೂ ಒಂದಿಷ್ಟು ಕೆಲಸ ಮಾಡಿ ಆ ಮನೆಯಲ್ಲೇ ಉಳಿಯುತ್ತೀರಾ? ಹೊರಗಿದ್ದಾಗಲೂ ಅಲ್ಲಿನ ಖರ್ಚು ನಡೆಯುತ್ತಾ? ಆ ಊರನ್ನು ಬಿಟ್ಟುಬಿಟ್ಟಿಲ್ಲ ಅಲ್ವಾ, ಅಂದರೆ ಮನೆಯವರು ಅಲ್ಲಿದ್ದಾರಾ, ಇಲ್ಲವೇ ಆಗಾಗ ಹೋಗಿ ಇರುತ್ತೀರಾ? ಮೂರಕ್ಕೂ ಹೌದು ಅಂದರೆ ನಿಶ್ಚಿಂತೆ. ಎರಡಕ್ಕೆ ಹೌದು ಅಂದರೆ ನಿಮ್ಮ ಪರಿಸ್ಥಿತಿ ನೋಡಿ ತೀರ್ಮಾನಿಸುತ್ತಾರೆ. ಒಂದೇ ಆದರೆ ಇಲ್ಲ.

ನನ್ನ ಜೊತೆ ಕೆಲಸ ಮಾಡಿದ ಧಾರವಾಡದ ಹುಡುಗಿಯೊಬ್ಬಳು ಅಕ್ಕನ ಮನೆಯ ವಿಳಾಸ ಕೊಟ್ಟು ಎರಡು ವರ್ಷ ಸ್ಟೈಪೆಂಡ್ ತಗೊಂಡಳು. ಅಕ್ಕನಿಗೆ ಬಾಡಿಗೆ ಕೊಡುವುದುಂಟಾ ಅಂತ ಅವಳ ಮನಸ್ಸು. ವಿಚಾರಣೆಯ ಪತ್ರ ಬಂದ ರಾತ್ರಿ ಊಟದ ಮೇಜಿನ ಮೇಲೆ ಎಲ್ಲ ಕಾಗದ ಹರಡಿ ಕೂತೆವು. ಕೆಲಸದ ಊರಿನ ಬಾಡಿಗೆ ರಸೀದಿಗಳು ಒಂದೂ ತಪ್ಪದೆ ಇದ್ದವು. ಅಕ್ಕನ ಮನೆಗೆ ಕೊಟ್ಟದ್ದು ಅಂತ ತೋರಿಸಲು ಒಂದು ಚೀಟಿಯೂ ಇರಲಿಲ್ಲ.

ಹಾಗಾಗಿ ಸ್ವಂತದವರ ಮನೆಯಾದರೂ ಆ ಊರಲ್ಲಿ ನಡೆಯುವ ದರದಲ್ಲೇ ಬಾಡಿಗೆ ಕೊಡಿ. ನಗದು ಬೇಡ, ಪ್ರತಿ ತಿಂಗಳು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ. ಒಂದು ಪುಟದ ಬಾಡಿಗೆ ಕರಾರು ಬರೆದಿಡಿ. ಪಡೆದವರು ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು, ಅದನ್ನೂ ಮೊದಲೇ ಮಾತಾಡಿಕೊಳ್ಳಿ. ಊರಿಗೆ ಹೋಗಿ ಬಂದ ವಿಮಾನದ ಟಿಕೆಟ್, ಪೆಟ್ರೋಲ್ ಬಿಲ್ ಎತ್ತಿಡಿ. ಆ್ಯಪ್‌ಗಳಿಗಿಂತ ನನಗೆ ರಟ್ಟಿನ ಫೈಲೇ ವಾಸಿ. ಕಾಂಟ್ರ್ಯಾಕ್ಟಿಗೊಂದು ಫೈಲ್ ಮಾಡಿ.

ಅಡ್ಡದಾರಿಗಳೂ ಇವೆ. ಸೌತ್ ಡಕೋಟಾದಲ್ಲಿ ಟಪಾಲು ವಿಳಾಸ ಮಾರುವವರಿದ್ದಾರೆ. ಅದರಿಂದ ಡ್ರೈವಿಂಗ್ ಲೈಸೆನ್ಸ್ ಸಿಗಬಹುದು, ಟ್ಯಾಕ್ಸ್ ಹೋಮ್ ಸಿಗುವುದಿಲ್ಲ. ಆ ದುಡ್ಡು ದಂಡ. "50 ಮೈಲಿ ದಾಟಿದರೆ ಸಾಕು" ಅನ್ನುವುದೂ ಸುಳ್ಳು. ಐಆರ್‌ಎಸ್‌ನಲ್ಲಿ ಹಾಗೊಂದು ನಿಯಮವೇ ಇಲ್ಲ, ರಾತ್ರಿ ಅಲ್ಲೇ ತಂಗಿ ವಿಶ್ರಾಂತಿ ಪಡೆಯಬೇಕಾದಷ್ಟು ದೂರ ಇರಬೇಕು ಅಷ್ಟೆ. ಇನ್ನು, ಮೈಸೂರಿನಲ್ಲಿ ಅಪ್ಪ ಅಮ್ಮನ ಮನೆ ಇದೆ ಅಲ್ವಾ ಅಂತ ಕೇಳುವವರಿಗೆ: ವರ್ಷವಿಡೀ ಅಮೆರಿಕದಲ್ಲೇ ಇದ್ದು ದುಡಿಯುವವರಿಗೆ ಅದು ಲೆಕ್ಕಕ್ಕೆ ಬರುವುದಿಲ್ಲ.

ನೆಲೆ ಇಲ್ಲ ಅಂತಾದರೆ ಏಜೆನ್ಸಿಗೆ ಹಾಗೇ ಹೇಳಿ, ಪೂರ್ತಿ ಟ್ಯಾಕ್ಸ್ ಹಿಡಿದು ಕೊಡಲಿ. ಅದರಲ್ಲಿ ತಪ್ಪೇನಿಲ್ಲ. ರಾತ್ರಿ ನಿದ್ದೆಯಾದರೂ ಬರುತ್ತದೆ.

3. ಒಂದು ವರ್ಷ ದಾಟಬೇಡಿ

ಒಂದೇ ಜಾಗದ ಕೆಲಸ ಒಂದು ವರ್ಷಕ್ಕಿಂತ ಜಾಸ್ತಿ ನಡೆಯುತ್ತದೆ ಅಂತ ಗೊತ್ತಾದ ದಿನದಿಂದಲೇ ಸ್ಟೈಪೆಂಡಿಗೆ ಟ್ಯಾಕ್ಸ್ ಶುರು. ಕಾಂಟ್ರ್ಯಾಕ್ಟ್ ಮುಂದುವರಿಸಲು ಒಪ್ಪುವ ಮೊದಲು ಕ್ಯಾಲೆಂಡರ್ ನೋಡಿ.

4. ರಾಜ್ಯಗಳ ರಿಟರ್ನ್

ದುಡಿದ ರಾಜ್ಯದಲ್ಲಿ ಆದಾಯ ತೆರಿಗೆ ಇದ್ದರೆ ಅಲ್ಲಿ ಅನಿವಾಸಿ ರಿಟರ್ನ್ ಹಾಕಿ. ಟೆಕ್ಸಾಸ್, ಫ್ಲಾರಿಡಾದಲ್ಲಿ ಸಂಬಳಕ್ಕೆ ರಾಜ್ಯದ ತೆರಿಗೆ ಇಲ್ಲ. ಆದರೂ ನಿಮ್ಮ ಸ್ವಂತ ರಾಜ್ಯ ಆ ಸಂಬಳಕ್ಕೂ ತೆರಿಗೆ ಕೇಳಬಹುದು. ಹೊರಗೆ ಕಟ್ಟಿದ್ದಕ್ಕೆ ಸ್ವಂತ ರಾಜ್ಯ ಸಾಮಾನ್ಯವಾಗಿ ವಿನಾಯಿತಿ ಕೊಡುತ್ತದೆ, ಆದ್ದರಿಂದ ಹೊರರಾಜ್ಯದ ರಿಟರ್ನ್ ಮೊದಲು ತಯಾರಿಸಿ, ಸ್ವಂತದ್ದು ಕೊನೆಗೆ. ಕೇಂದ್ರದ ರಿಟರ್ನಿಗೆ ಏಪ್ರಿಲ್ 15 ಕಡೇ ದಿನ. ಟ್ರಾವೆಲ್ ಕೆಲಸದವರ ರಿಟರ್ನ್ ಮಾಡಿ ಗೊತ್ತಿರುವ ಲೆಕ್ಕಿಗರನ್ನು ಜನವರಿಯಲ್ಲೇ ಹಿಡಿಯಿರಿ, ಮಾರ್ಚಿಗೆ ಅವರು ಸಿಗುವುದು ಕಷ್ಟ.